ಮಾರ್ಕ್ ಟ್ವೇನ್ ಹೇಳಿದ್ದೆಂದು ಓಡಾಡುವ ಮಾತು ನಿಜಕ್ಕೂ ಅವನದೇ ಅಂತ ಯಾವ ಪುಸ್ತಕದಲ್ಲಿ ನೋಡಬೇಕು?

ಒಂದೇ ಪುಸ್ತಕ ಕೊಳ್ಳುವುದಾದರೆ ಕೆಂಟ್ ರಾಸ್ಮುಸೆನ್ ಸಂಪಾದಿಸಿದ ‘ದಿ ಕೋಟಬಲ್ ಮಾರ್ಕ್ ಟ್ವೇನ್’ (1997) ತೆಗೆದುಕೊಳ್ಳಿ. ಮಾತಿನ ಜೊತೆಗೆ ಅದು ಎಲ್ಲಿಂದ ಬಂತೆಂಬುದೂ ಅದರಲ್ಲಿದೆ. ಮೂಲ ಕೊಡದ ಸಂಗ್ರಹ ಎಷ್ಟೇ ಚೆಂದವಿರಲಿ, ಈ ಕೆಲಸಕ್ಕೆ ಬಾರದು. ಹಳೆಯದರಲ್ಲಿ ಕ್ಯಾರೊಲಿನ್ ಹಾರ್ನ್ಸ್‌ಬರ್ಗರ್ ಅವರ ‘ಮಾರ್ಕ್ ಟ್ವೇನ್ ಅಟ್ ಯುವರ್ ಫಿಂಗರ್‌ಟಿಪ್ಸ್’ (1948) ವಿಷಯವಾರು ಜೋಡಿಸಿದ್ದು, ಈಗಲೂ ಉಪಯುಕ್ತ. ವ್ಯಕ್ತಿ, ಊರು, ಪಾತ್ರಗಳ ವಿವರ ಬೇಕಿದ್ದರೆ ರಾಸ್ಮುಸೆನ್ ಅವರದೇ ‘ಮಾರ್ಕ್ ಟ್ವೇನ್ ಎ ಟು ಝಡ್’ (1995) ಇದೆ.

ಮೂಲ ನೋಡುವುದು ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. 1897ರಲ್ಲಿ ಟ್ವೇನ್ ಲಂಡನ್ನಿನಲ್ಲಿದ್ದಾಗ ಅವನು ಸಾಯುತ್ತಿದ್ದಾನೆಂಬ ಸುದ್ದಿ ಹಬ್ಬಿತು. ಕಾಯಿಲೆ ಬಿದ್ದಿದ್ದವನು ಅವನ ಸಂಬಂಧಿ. ವಿಚಾರಿಸಿದ ಪತ್ರಕರ್ತನಿಗೆ, ತನ್ನ ಸಾವಿನ ವರದಿ ‘ಒಂದು ಉತ್ಪ್ರೇಕ್ಷೆ’ ಎಂದಷ್ಟೇ ಬರೆದುಕೊಟ್ಟ. ‘ವಿಪರೀತ ಉತ್ಪ್ರೇಕ್ಷೆ’ ಎಂದು ಮಸಾಲೆ ಸೇರಿದ್ದು ಆಮೇಲೆ. ನನ್ನನ್ನು ಕೇಳಿದರೆ ಮೊದಲಿನದೇ ಹೆಚ್ಚು ಚುರುಕು!

ಇನ್ನು ‘ಇಪ್ಪತ್ತು ವರ್ಷಗಳ ನಂತರ, ಮಾಡದೆ ಬಿಟ್ಟ ಕೆಲಸಗಳ ಬಗ್ಗೆಯೇ ಹೆಚ್ಚು ಬೇಸರಪಡುತ್ತೀರಿ’ ಎಂಬ ಮಾತು ಟ್ವೇನ್‌ನದಲ್ಲವೇ ಅಲ್ಲ. 1990ರ ಒಂದು ಪುಸ್ತಕದಲ್ಲಿ ಅಮೆರಿಕದ ಲೇಖಕ ಜಾಕ್ಸನ್ ಬ್ರೌನ್ ಅದನ್ನು ತಮ್ಮ ತಾಯಿಯ ಮಾತೆಂದು ಕೊಟ್ಟಿದ್ದಾರೆ.

ದುಡ್ಡು ಖರ್ಚು ಬೇಡವೆಂದರೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿರುವ ಮಾರ್ಕ್ ಟ್ವೇನ್ ಪ್ರಾಜೆಕ್ಟ್ ಅವನ ಪತ್ರಗಳನ್ನೂ ಆತ್ಮಕಥೆಯನ್ನೂ ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಇಟ್ಟಿದೆ.