ಸೂರ್ಯಾಸ್ತದ ಫೋಟೋ ಮೊಬೈಲಿನಲ್ಲಿ ಬಿಳಿಚಿಕೊಳ್ಳುವುದು ಯಾಕೆ? ಹೊಸ ಕ್ಯಾಮೆರಾ ಕೊಳ್ಳಬೇಕಾ?

ಸದ್ಯಕ್ಕೆ ಬೇಡ. ಆಗುಂಬೆಯಲ್ಲಿ ಕಣ್ಣಿಗೆ ಕಂಡ ಕೆಂಪು ಫೋಟೋದಲ್ಲಿ ಬರಲಿಲ್ಲ, ಸೂರ್ಯ ಬರೀ ಬಿಳಿ ಚುಕ್ಕೆಯಾಯಿತು ಅಂದಿರಿ. ದುಬಾರಿ ಕ್ಯಾಮೆರಾ ತಂದು ಆಟೋ ಮೋಡ್‌ನಲ್ಲಿಟ್ಟರೂ ಹೆಚ್ಚುಕಮ್ಮಿ ಇದೇ ಕಥೆ.

ಕೆಂಪನ್ನು ತಿನ್ನುವುದು ಆಟೋ ವೈಟ್ ಬ್ಯಾಲೆನ್ಸ್. ಬಲ್ಬಿನ ಹಳದಿ ಬೆಳಕಲ್ಲೂ ಬಿಳಿ ಅಂಗಿ ಬಿಳಿಯಾಗೇ ಕಾಣಲಿ ಅಂತ ಮಾಡಿದ ಏರ್ಪಾಡು ಅದು. ಸಂಜೆಯ ಬಣ್ಣವನ್ನೂ ಹಾಗೇ ತಿದ್ದಿಬಿಡುತ್ತದೆ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ಅದನ್ನು ಡೇಲೈಟ್‌ಗೆ, ಅಂದರೆ 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುತ್ತ ನಿಲ್ಲಿಸಿ. ಸ್ವಲ್ಪ ಜಾಸ್ತಿ ಬಣ್ಣ ಬೇಕಿದ್ದರೆ 6500. ಅದರಿಂದಾಚೆ ಹೋದರೆ ಮುಖಕ್ಕೆಲ್ಲ ಅರಿಶಿನ ಬಳಿದ ಹಾಗಾಗುತ್ತದೆ.

ಬಿಳಿ ಚುಕ್ಕೆಗೆ ಕಾರಣ ಬೇರೆ. ಕತ್ತಲಾಗಿರುವ ಕಾಡನ್ನೂ ತೋರಿಸಲು ಹೋಗಿ ಮೊಬೈಲ್ ಇಡೀ ಚಿತ್ರವನ್ನು ಬೆಳಗಿಸುತ್ತದೆ. ಸೂರ್ಯನ ಮೇಲೆ ಬೇಡ, ಅವನ ಪಕ್ಕದ ಹೊಳೆಯುವ ಆಕಾಶದ ಮೇಲೆ ಬೆರಳಿಟ್ಟು ಹಿಡಿಯಿರಿ. ಲಾಕ್ ಆದಮೇಲೆ ಬೆಳಕನ್ನು ಕೆಳಕ್ಕೆ ಎಳೆಯಿರಿ. ಕತ್ತಲನ್ನೂ ಬೆಳಕನ್ನೂ ಸೇರಿಸಿ ಸಮ ಮಾಡುವ ಎಚ್‌ಡಿಆರ್ ಆಫ್ ಮಾಡಲು ಬಂದರೆ ಮಾಡಿ. ಮುಂದಿರುವುದೆಲ್ಲ ಕಪ್ಪಾಗುತ್ತದೆ, ಆಗಲಿ ಬಿಡಿ. ಕಪ್ಪಾದಾಗ ಯಾವುದರ ಆಕಾರ ಚೆನ್ನಾಗಿ ಕಾಣುತ್ತದೆ ಅಂತ ನೋಡಿಕೊಂಡು ನಿಂತರೆ ಸಾಕು. ಒಂದು ಒಣ ಕೊಂಬೆ ಸಾಕು, ಮೂವತ್ತು ಜನರ ತಲೆ ಬೇಡ. ಹಾಂ, ಮೊದಲು ಲೆನ್ಸ್ ಒರೆಸಿ. ಬೆರಳಿನ ಜಿಡ್ಡಿದ್ದರೆ ಎದುರು ಬೆಳಕು ಪೂರ್ತಿ ಹರಡಿಕೊಳ್ಳುತ್ತದೆ.

ಸೂರ್ಯ ಇಷ್ಟು ಚಿಕ್ಕದಾಗಿ ಯಾಕೆ ಬಂದ ಅನ್ನುವುದಕ್ಕೆ ಮಾತ್ರ ಮೊಬೈಲಿನಲ್ಲಿ ಮದ್ದಿಲ್ಲ. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ. ಮೊಬೈಲಿನ ಮುಖ್ಯ ಲೆನ್ಸ್ ಅಡ್ಡ ಹಿಡಿದರೆ ಸುಮಾರು 70 ಡಿಗ್ರಿ ನೋಡುತ್ತದೆ. ಬೆರಳಲ್ಲಿ ಎಳೆದು ಜೂಮ್ ಮಾಡಿದರೆ ಸಿಗುವುದು ರಾಡಿ.

ಹಾಗಾಗಿ ನಾನು ಹೇಳುವುದು, ಸೂರ್ಯನಿಗೆ ಬೆನ್ನು ಹಾಕಿ. ಅವನ ಬೆಳಕು ಬಿದ್ದಿರುವ ಕಡೆ ನೋಡಿ. ಹಂಪಿಯ ಹೇಮಕೂಟದ ಮೇಲೆ ಸಂಜೆ ಎಲ್ಲರೂ ಪಡುವಣಕ್ಕೆ ಮೊಬೈಲ್ ಹಿಡಿದಿರುತ್ತಾರೆ. ಉತ್ತರಕ್ಕೆ ತಿರುಗಿದರೆ ವಿರೂಪಾಕ್ಷ ಗೋಪುರಕ್ಕೆ ಬೆಳಕು ಎಡಗಡೆಯಿಂದ ಬೀಳುತ್ತಿರುತ್ತದೆ. ಅಡ್ಡ ಬೆಳಕಿನಲ್ಲಿ ಗಾರೆಯ ಬೊಂಬೆಗಳಿಗೆ ನೆರಳು ಸಿಕ್ಕಿ ಒಂದೊಂದೂ ಎದ್ದು ಕಾಣುತ್ತದೆ. ಮಧ್ಯಾಹ್ನ ಅದೇ ಗೋಪುರ ಚಪ್ಪಟೆ.

ಮರವಂತೆಯಲ್ಲಂತೂ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಸೂರ್ಯ ಮುಳುಗಿದ ಕೂಡಲೇ ಹೊಳೆ ಕಡೆಗೆ, ಪೂರ್ವಕ್ಕೆ ನೋಡಿ. ಆಕಾಶ ತಿಳಿಯಾಗಿದ್ದರೆ ಕೆಳಗೊಂದು ಮಂಕು ನೀಲಿ ಪಟ್ಟಿ, ಅದರ ಮೇಲೊಂದು ಗುಲಾಬಿ ಪಟ್ಟಿ ಏಳುತ್ತದೆ. ಆ ನೀಲಿ ನಮ್ಮ ಭೂಮಿಯದೇ ನೆರಳು, ಗಾಳಿಯ ಮೇಲೆ ಬಿದ್ದಿರುತ್ತದೆ. ಇದನ್ನು ತೆಗೆಯಲು ಮೊಬೈಲ್ ಧಾರಾಳ ಸಾಕು. ರಸ್ತೆ ದಾಟುವಾಗ ಹುಷಾರು, ಅಲ್ಲಿ ಗಾಡಿಗಳು ಜೋರಾಗಿ ಬರುತ್ತವೆ.

ನಮ್ಮ ಕಡೆ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುತ್ತಾನೆ. ಅಂಚು ಮುಟ್ಟಿದ ಮೇಲೆ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು. ಆಗುಂಬೆಯಲ್ಲಿ ಜನ ಅಷ್ಟಕ್ಕೇ ಚಪ್ಪಾಳೆ ತಟ್ಟಿ ಹೊರಟುಬಿಡುತ್ತಾರೆ. ನೀವು ಇನ್ನೊಂದು ಕಾಲು ಗಂಟೆ ನಿಲ್ಲಿ. ಎತ್ತರದ ತೆಳು ಮೋಡವಿದ್ದರೆ ಅದಕ್ಕೆ ಕೆಳಗಿನಿಂದ ಬೆಳಕು ಬೀಳುವುದು ಆಗಲೇ, ಬಣ್ಣ ಏರುವುದೂ ಆಗಲೇ. ಮಳೆಗಾಲದಲ್ಲಿ ಅಲ್ಲಿಗೆ ಸೂರ್ಯಾಸ್ತಕ್ಕೆ ಅಂತ ಹೋಗುವುದು ಸುಮ್ನೆ, ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಮಳೆ ಬಿಟ್ಟ ಹೊಸತರಲ್ಲಿ, ಅಕ್ಟೋಬರ್ ನವೆಂಬರ್‌ನಲ್ಲಿ ಹೋಗಿ. ಗಾಳಿ ತೊಳೆದಿರುತ್ತದೆ, ಮೋಡವೂ ಒಂದಿಷ್ಟು ಉಳಿದಿರುತ್ತದೆ. ಇನ್ನೊಂದು, ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವ ಜಾಗ ಪಶ್ಚಿಮದಿಂದ ಸುಮಾರು 24 ಡಿಗ್ರಿ ತೆಂಕಕ್ಕೆ, ಜೂನ್‌ನಲ್ಲಿ ಅಷ್ಟೇ ಬಡಗಕ್ಕೆ ಸರಿದಿರುತ್ತದೆ. ಹೋದ ಸಲ ನೋಡಿಟ್ಟ ಮರದ ಹಿಂದೆಯೇ ಈ ಸಲವೂ ಸಿಗುತ್ತಾನೆ ಅಂತ ನಂಬಬೇಡಿ.

ಇಷ್ಟಾದ ಮೇಲೂ ಮರದ ಹಿಂದೆ ತಟ್ಟೆಯಷ್ಟು ದೊಡ್ಡ ಸೂರ್ಯ ಬೇಕೇ ಬೇಕು ಅಂದರೆ ಆಗ ಕ್ಯಾಮೆರಾ, ದೂರದ್ದನ್ನು ದೊಡ್ಡದಾಗಿ ತೋರಿಸುವ 300 ಅಥವಾ 400 ಎಂಎಂ ಲೆನ್ಸ್, ಮತ್ತು ಮರದಿಂದ ಸಾಕಷ್ಟು ದೂರ ನಿಲ್ಲುವ ಜಾಗ. ಬೆಂಗಳೂರಿನಲ್ಲಿ ಇವು ದಿನದ ಬಾಡಿಗೆಗೆ ಸಿಗುತ್ತವೆ, ಮೊದಲು ಹಾಗೆ ತಂದು ನೋಡಿ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆದರೆ ಅದರ ಕಿಂಡಿಯಿಂದ ಸೂರ್ಯನನ್ನು ನೋಡಬೇಡಿ, ಕಣ್ಣಿಗೆ ಅಪಾಯ. ಹಿಂದಿನ ಪರದೆಯಲ್ಲೇ ನೋಡಿ ತೆಗೆಯಿರಿ.