ಗಾಯಗೊಂಡ ಶರ್ಯತ್ತಿನ ಕುದುರೆಗೆ ಬೆಲ್ಲ, ಕರದಂಟು ತಿನ್ನಿಸಬಹುದೇ?

ಪ್ರಶ್ನೆ: ಶರ್ಯತ್ತಿನಲ್ಲಿ ಓಡುತ್ತಿದ್ದ ನಮ್ಮ ಕುದುರೆಯ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹರಿದು, ಮೊಣಕಾಲಿನ ಕೆಳಗೆ ಬಾವು ಬಂದಿತ್ತು. ರಜ್ಜು ಪೂರ್ತಿ ತುಂಡಾಗಿಲ್ಲ, ಆದರೆ ಒಂದು ವರ್ಷ ಓಡಿಸುವಂತಿಲ್ಲ ಎಂದು ಪಶುವೈದ್ಯರು ಸ್ಕ್ಯಾನ್ ಮಾಡಿ ಹೇಳಿದ್ದಾರೆ. ತಿಂಗಳಿಂದ ಅದು ಲಾಯದಲ್ಲೇ ಇದೆ. ನಮ್ಮ ಮಾವನವರು ಮಮತೆಯಿಂದ ನಿತ್ಯ ಬೆಲ್ಲ, ಕರದಂಟು, ನೆನೆಸಿದ ಕಡಲೆ ತಿನ್ನಿಸುತ್ತಾರೆ. ಓಡುವಾಗ ಕೊಡುತ್ತಿದ್ದ ಕಾಳೂ ಹಾಗೆಯೇ ಮುಂದುವರಿದಿದೆ. ಮೈ ತುಂಬಿಕೊಂಡಿದೆಯಾದರೂ ಈಚೆಗೆ ಹತ್ತಿರ ಹೋದವರನ್ನು ಕಚ್ಚಲು ಬರುತ್ತಿದೆ, ನಿಂತಲ್ಲೇ ಕಾಲು ಅಪ್ಪಳಿಸುತ್ತಿದೆ. ಈ ಉಪಚಾರ ಸರಿಯೇ?
— ಓದುಗರು, ಜಮಖಂಡಿ ತಾಲ್ಲೂಕು

ಉತ್ತರ: ಬೆಲ್ಲ ಮತ್ತು ಕರದಂಟನ್ನು ಇಂದೇ ನಿಲ್ಲಿಸಿ. ಕಾಳನ್ನು ಒಂದು ವಾರದ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬನ್ನಿ. ಬಾಣಂತಿಗೆ ಅಂಟಿನುಂಡಿ ಕಟ್ಟಿಕೊಡುವ ನಮ್ಮ ಸೀಮೆಯಲ್ಲಿ ಪೆಟ್ಟು ತಿಂದ ಕುದುರೆಗೂ ಅದೇ ಬಗೆಯ ಉಪಚಾರ ನಡೆಯಬೇಕೆಂದು ನಿಮ್ಮ ಮಾವನವರಿಗೆ ಅನಿಸಿರುವುದು ಸಹಜವೇ. ಆದರೆ ಕುದುರೆಯ ಹೊಟ್ಟೆ ಮನುಷ್ಯರ ಹೊಟ್ಟೆಯಂತಿಲ್ಲ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ನಾರಿನ ಮೇವು ಜೀರ್ಣವಾಗುವುದು ಕರುಳಿನ ಹಿಂಭಾಗದಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ. ಕಾಳು ಮತ್ತು ಸಿಹಿ ಮಿತಿ ಮೀರಿದಾಗ ಜೀರ್ಣವಾಗದೆ ಉಳಿದ ಪಿಷ್ಟವು ಆ ಹಿಂಭಾಗಕ್ಕೆ ಇಳಿದು ಹುಳಿಯುತ್ತದೆ. ಅದರಿಂದ ಹೊಟ್ಟೆಶೂಲೆ ಬರಬಹುದು, ಇಲ್ಲವೇ ಗೊರಸಿನೊಳಗಿನ ಪದರಗಳು ಸಡಿಲಗೊಳ್ಳುವ ಗೊರಸಿನ ಉರಿಯೂತ ಕಾಣಿಸಿಕೊಳ್ಳಬಹುದು. ನಿಮ್ಮ ಕುದುರೆಗೆ ಎರಡನೆಯ ಅಪಾಯ ಇನ್ನೂ ಹತ್ತಿರದ್ದು, ಏಕೆಂದರೆ ನೋಯುವ ಕಾಲನ್ನು ಕಾಪಾಡಿಕೊಳ್ಳಲು ಅದು ಭಾರವನ್ನೆಲ್ಲ ಇನ್ನೊಂದು ಮುಂಗಾಲಿನ ಮೇಲೆ ಹಾಕಿ ನಿಲ್ಲುತ್ತದೆ. ಹಾಗೆ ಬಹಳ ದಿನ ನಿಂತರೆ ಆ ಒಳ್ಳೆಯ ಕಾಲಿನ ಗೊರಸೂ ಕೆಡುತ್ತದೆ. ಮೈ ತೂಕ ಹೆಚ್ಚಿದಷ್ಟೂ ಎರಡೂ ಕಾಲುಗಳಿಗೆ ಹೊರೆ ಹೆಚ್ಚು. ನೀವು ಬರೆದ ಮೈ ತುಂಬಿಕೊಂಡಿರುವ ಸಂಗತಿ ನನಗೆ ಸಂತೋಷದ ಸುದ್ದಿಯಾಗಿ ಕಾಣಲಿಲ್ಲ.

ಕಚ್ಚುವುದಕ್ಕೂ ಕಾಲು ಅಪ್ಪಳಿಸುವುದಕ್ಕೂ ಹೆಚ್ಚಿನ ಪಾಲು ಇದೇ ಕಾರಣವಿದ್ದೀತು. ಓಟದ ಕುದುರೆಯ ಕಾಳು ತಿಂದು, ನಾಲ್ಕು ಗೋಡೆಗಳ ನಡುವೆ ಕೆಲಸವಿಲ್ಲದೆ ನಿಂತ ಪ್ರಾಣಿ ಆ ಕಸುವನ್ನು ಎಲ್ಲಿ ಹೊರಹಾಕಬೇಕು? ಜೊತೆಗೆ ಅಂಗೈಯಿಂದ ಬೆಲ್ಲ ತಿನ್ನಿಸುವ ರೂಢಿಯಿಂದ, ಹತ್ತಿರ ಬಂದ ಪ್ರತಿಯೊಂದು ಕೈಯಲ್ಲೂ ತಿನಿಸನ್ನು ಹುಡುಕುವುದನ್ನು ಅದು ಕಲಿತಿದೆ. ತಿನಿಸು ಕೊಡುವುದಾದರೆ ಬೋಗುಣಿಯಲ್ಲಿ ಹಾಕಿ ಇಡಿ.

ಹಾಗಾದರೆ ಏನು ಕೊಡಬೇಕು? ಮುಖ್ಯವಾಗಿ ಒಣಮೇವು, ಅದೂ ದಿನವಿಡೀ ಮೆಲ್ಲುವಷ್ಟು. ಕುದುರೆಯ ಜಠರದಲ್ಲಿ ಆಮ್ಲ ಸದಾ ಒಸರುತ್ತಿರುತ್ತದೆ, ಆದರೆ ಅದನ್ನು ತಣಿಸುವ ಜೊಲ್ಲು ಅಗಿಯುವಾಗ ಮಾತ್ರ ಬರುತ್ತದೆ. ಆದ್ದರಿಂದ ಬರಿಹೊಟ್ಟೆಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರೆ ಹೊಟ್ಟೆಹುಣ್ಣು ಆಗುತ್ತದೆ. ದೇಹತೂಕದ ಶೇಕಡಾ 1.5ರಿಂದ 2ರಷ್ಟು, ಎಂದರೆ 400 ಕಿಲೋ ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣಮೇವು ಬೇಕು. ಅದನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ತೂಗುಹಾಕಿದರೆ ನಿಧಾನವಾಗಿ ಎಳೆದು ತಿನ್ನುತ್ತ ಹೊತ್ತು ಕಳೆಯುತ್ತದೆ. ಒಣಹುಲ್ಲಿನ ಜೊತೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಸ್ವಲ್ಪ ಸೇರಿಸಿದರೆ ಪ್ರೋಟೀನ್, ಸುಣ್ಣದಂಶ ಎರಡೂ ದೊರೆಯುತ್ತವೆ. ಬೂಷ್ಟು ಹಿಡಿದ ಶೇಂಗಾ ಹೊಟ್ಟನ್ನಾಗಲಿ, ಮುಗ್ಗಿದ ಮೆಕ್ಕೆಜೋಳವನ್ನಾಗಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಲಾಯದೊಳಗೆ ತರಬೇಡಿ. ಮುಗ್ಗಿದ ಮೆಕ್ಕೆಜೋಳದ ವಿಷ ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಉಪ್ಪಿನ ಗಡ್ಡೆ ಮತ್ತು ತಿಳಿನೀರು ಸದಾ ಎಟುಕುವಂತಿರಲಿ.

ಮಾವನವರಿಗೆ ಏನಾದರೂ ತಿನ್ನಿಸಲೇಬೇಕೆನಿಸಿದರೆ ಒಂದೆರಡು ಗಜ್ಜರಿ, ಇಲ್ಲವೇ ಕಲ್ಲಂಗಡಿಯ ಸಿಪ್ಪೆ ಕೊಡಲಿ. ಗಜ್ಜರಿಯನ್ನು ಬಿಲ್ಲೆಯಾಗಿ ಹೆಚ್ಚದೆ ಉದ್ದುದ್ದವಾಗಿ ಸೀಳಬೇಕು, ಬಿಲ್ಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಬದಲಿಸುವಾಗ ಅಲುಗದೆ ನಿಂತದ್ದಕ್ಕೆ ಅದನ್ನು ಕೊಟ್ಟರೆ ಚಿಕಿತ್ಸೆಯೂ ಸುಲಭವಾಗುತ್ತದೆ. ಈರುಳ್ಳಿ ಕುದುರೆಯ ರಕ್ತಕಣಗಳನ್ನು ಒಡೆಯುವುದರಿಂದ ಅಡುಗೆಮನೆಯ ಸಿಪ್ಪೆಗಳನ್ನು ಒಟ್ಟಾಗಿ ಸುರಿಯುವ ಅಭ್ಯಾಸ ಬೇಡ.

ನಿಜವಾದ ಮುದ್ದು ನಡೆಯಬೇಕಾದದ್ದು ಬಾಯಿಗಿಂತ ಮೈಮೇಲೆ. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಮಾಲೀಶು ಮಾಡಿ, ನಾಲ್ಕೂ ಗೊರಸುಗಳನ್ನು ಎತ್ತಿ ಶುಚಿ ಮಾಡಲಿ. ಹಾಗೆ ಮಾಡುವವರ ಕೈಗೆ ಗೊರಸಿನ ಬಿಸಿ, ಬಾವಿನ ಏರಿಳಿತ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಲಾಯ ಸುಮಾರು 12 ಅಡಿ ಉದ್ದ, 12 ಅಡಿ ಅಗಲವಿರಲಿ, ಒಣ ಹಾಸು ದಪ್ಪಗಿರಲಿ, ಹೊರಗಿನ ಓಡಾಟ ಕಾಣುವ ಕಿಂಡಿಯೊಂದಿರಲಿ. ಕುದುರೆ ಹಿಂಡಿನಲ್ಲಿ ಬಾಳುವ ಪ್ರಾಣಿ; ಬೇರೆ ಕುದುರೆ ಇಲ್ಲದಿದ್ದರೆ ಪಕ್ಕದಲ್ಲೊಂದು ಆಡು ಕಟ್ಟಿ. ರೇಸ್ ಕುದುರೆಗಳ ಲಾಯಗಳಲ್ಲಿ ಇದು ಹಳೆಯ ರೂಢಿ.

ನಡೆದಾಡಿಸುವುದನ್ನು ವೈದ್ಯರು ಒಪ್ಪಿದ ಮೇಲೆಯೇ ಆರಂಭಿಸಿ: ಮೊದಲಿಗೆ ಹಗ್ಗ ಹಿಡಿದು, ಗಟ್ಟಿಯಾದ ಸಮನೆಲದ ಮೇಲೆ, ದಿನಕ್ಕೆರಡು ಬಾರಿ ಐದರಿಂದ ಹತ್ತು ನಿಮಿಷ. ಹರಿದ ಜಾಗದಲ್ಲಿ ಹೊಸದಾಗಿ ಕೂಡುವ ಎಳೆಗಳು ಆರಂಭದಲ್ಲಿ ದುರ್ಬಲವಾಗಿರುತ್ತವೆ, ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುತ್ತವೆ. ಮಿತವಾದ ನಡಿಗೆಯ ಎಳೆತ ಬಿದ್ದಾಗಲೇ ಅವು ರಜ್ಜಿನ ಉದ್ದಕ್ಕೆ ಸಾಲಾಗಿ ಕೂಡಿಕೊಳ್ಳುತ್ತವೆ. ಬಾವು ಇಳಿಯಿತು, ಕುಂಟುವುದು ನಿಂತಿತು ಎಂಬುದನ್ನೇ ನಂಬಿ ಮೂರು ನಾಲ್ಕು ತಿಂಗಳಿಗೆ ಓಡಿಸಿದವರ ಕುದುರೆಯ ರಜ್ಜು ಮತ್ತೆ ಅಲ್ಲಿಯೇ ಹರಿಯುವುದು ಬಹಳ ಸಾಮಾನ್ಯ. ಎರಡು ಮೂರು ತಿಂಗಳಿಗೊಮ್ಮೆ ಮರುಸ್ಕ್ಯಾನ್ ಮಾಡಿಸಿ, ಅದು ತೋರಿಸಿದ್ದನ್ನು ಮಾತ್ರ ನಂಬಬೇಕು. ಯಾರಾದರೂ ಕಾಲಿಗೆ ಬರೆ ಹಾಕಿಸಿರೆಂದು ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಸುಟ್ಟ ಚರ್ಮದ ಕಲೆ ಒಳಗಿನ ರಜ್ಜನ್ನು ಬೆಸೆಯುವುದಿಲ್ಲ, ಆಗಲೇ ನೋಯುತ್ತಿರುವ ಕಾಲಿಗೆ ಇನ್ನೊಂದು ಗಾಯವನ್ನಷ್ಟೇ ಕೂಡಿಸುತ್ತದೆ. ನೋವಿನ ಮಾತ್ರೆಗಳನ್ನು ಸ್ವಂತ ತೀರ್ಮಾನದಿಂದ ಮುಂದುವರಿಸುವುದೂ ಬೇಡ: ಅವು ಹೊಟ್ಟೆಹುಣ್ಣಿಗೆ ದಾರಿ, ಅದಲ್ಲದೆ ನೋವು ತಿಳಿಯದ ಕುದುರೆ ಕಾಲನ್ನು ಜೋಪಾನ ಮಾಡುವುದಿಲ್ಲ.

ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಒರಗಿದಂತೆ ನಿಂತರೆ, ಪದೇ ಪದೇ ಭಾರ ಬದಲಿಸಿದರೆ, ಗೊರಸು ಬಿಸಿಯಾಗಿದ್ದರೆ ಮರುದಿನಕ್ಕೆ ಮುಂದೂಡದೆ ನಿಮ್ಮ ವೈದ್ಯರಿಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಪ್ರಶ್ನೆ: ಕಾಲು ಉಳುಕಿ ವಿಶ್ರಾಂತಿಯಲ್ಲಿರುವ ಕುದುರೆಗೆ ತಂಪಾಗಲೆಂದು ಹೊಲದ ಹಸಿ ಜೋಳದ ಮೇವು ಕೊಯ್ದು ಹಾಕುತ್ತಿದ್ದೇವೆ. ಕೊಡಬಹುದೇ?
— ಓದುಗರು, ಇಂಡಿ ತಾಲ್ಲೂಕು

ಉತ್ತರ: ಬೇಡ. ಎಳೆಯ ಜೋಳದಲ್ಲಿ, ಅದರಲ್ಲೂ ಕೊಯ್ದ ಮೇಲೆ ಚಿಗುರಿದ ಕುಳೆಯಲ್ಲಿ ಮತ್ತು ಮಳೆಯಿಲ್ಲದೆ ಬಾಡಿದ ಬೆಳೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶವಿದೆ. ದನಗಳು ಇದರಿಂದ ಸಾಯುವುದು ನಮ್ಮ ರೈತರಿಗೆಲ್ಲ ಗೊತ್ತು. ಕುದುರೆ ತಕ್ಷಣ ಸಾಯದಿದ್ದರೂ, ವಾರಗಟ್ಟಲೆ ತಿಂದರೆ ಮೂತ್ರಕೋಶ ಕೆಟ್ಟು ಹಿಂಗಾಲುಗಳು ತೂರಾಡತೊಡಗುತ್ತವೆ, ಆ ನರದೌರ್ಬಲ್ಯ ಪೂರ್ತಿ ವಾಸಿಯಾಗುವುದು ಅಪರೂಪ. ಚೆನ್ನಾಗಿ ಬಲಿತು ಒಣಗಿದ ಕಣಿಕೆಯಲ್ಲಿ ಈ ಭಯ ಬಹಳ ಕಡಿಮೆ. ಹಸಿರೇ ಬೇಕೆಂದರೆ ಬದುವಿನ ಕರಿಕೆ ಹುಲ್ಲು ಒಳ್ಳೆಯದು, ಆದರೆ ಬದುವಿನಲ್ಲಿ ಕಣಗಿಲೆ ಗಿಡವಿದ್ದರೆ ಅದರ ಎಲೆ ಕಂತೆಯೊಳಗೆ ಸೇರದಂತೆ ಆರಿಸಿ ಹಾಕಿ. ಒಣಗಿದ ಕಣಗಿಲೆ ಎಲೆಗಳು ಕೆಲವೇ ಆದರೂ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲವು.