ಪೆಟ್ಟು ಬಿದ್ದದ್ದು ಮೋಡೆಮ್‌ಗೆ

(ಯುರೋಪಿನ ಬಾಹ್ಯಾಕಾಶ ಭದ್ರತೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಹಾಸನದ ಓದುಗರೊಬ್ಬರು ಬರೆದ ಪತ್ರದ ಸಾರ: “ಉಕ್ರೇನ್ ಯುದ್ಧ ನಡೆಯುತ್ತಿರುವುದು ನೆಲದ ಮೇಲೆ. ಯುರೋಪಿನ ಒಂದು ಉಪಗ್ರಹವನ್ನೂ ಯಾರೂ ಹೊಡೆದು ಕೆಡವಿಲ್ಲ. ಹೀಗಿರುವಾಗ ಸಾವಿರ ಕೋಟಿ ಯೂರೊಗಳನ್ನು ಆಕಾಶಕ್ಕೆ ಸುರಿಯುವುದು ಕಂಪನಿಗಳ ಜೇಬು ತುಂಬಿಸಲಿಕ್ಕಲ್ಲದೆ ಇನ್ಯಾತಕ್ಕೆ?”)

ಮಾನ್ಯರೇ,

ಉಪಗ್ರಹವನ್ನು ಯಾರೂ ಕೆಡವಿಲ್ಲ ಎಂಬ ತಮ್ಮ ಮಾತು ಸರಿ, ತಪ್ಪಿದ್ದು ನಾವು. 2022ರ ಫೆಬ್ರುವರಿ 24ರಂದು ರಷ್ಯಾ, ಯುರೋಪಿಗೆ ಇಂಟರ್ನೆಟ್ ಒದಗಿಸುವ ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹವನ್ನು ನಿಷ್ಕ್ರಿಯಗೊಳಿಸಿತೆಂದು ಲೇಖನದಲ್ಲಿ ಅಚ್ಚಾಗಿತ್ತು. ಆ ಉಪಗ್ರಹಕ್ಕೆ ಅಂದು ಏನೂ ಆಗಲಿಲ್ಲ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡೇ ಇತ್ತು. ದಾಳಿಕೋರರು ನುಗ್ಗಿದ್ದು ಕೆಳಗಿನ ಜಾಲಕ್ಕೆ. ಸರಿಯಾಗಿ ಹೊಂದಿಸಿರದ ಒಂದು ವಿಪಿಎನ್ ಉಪಕರಣದ (ಹೊರಗಿನಿಂದ ಜಾಲದೊಳಕ್ಕೆ ಸುರಕ್ಷಿತವಾಗಿ ಸೇರಲು ಇರುವ ಬಾಗಿಲು) ಮೂಲಕ ನಿರ್ವಹಣಾ ಜಾಲದೊಳಕ್ಕೆ ಸೇರಿಕೊಂಡ ಅವರು, ಗ್ರಾಹಕರ ಮನೆಗಳಲ್ಲೂ ಕಚೇರಿಗಳಲ್ಲೂ ಇದ್ದ ಮೋಡೆಮ್‌ಗಳಿಗೆ ಕಂಪನಿಯೇ ಕಳಿಸಿದಂತೆ ತೋರುವ ಆದೇಶಗಳನ್ನು ಏಕಕಾಲಕ್ಕೆ ರವಾನಿಸಿ, ಅವುಗಳ ಮೆಮೊರಿಯಲ್ಲಿದ್ದ ಮುಖ್ಯ ಮಾಹಿತಿಯನ್ನು ಅಳಿಸಿಹಾಕಿದರು. ರಷ್ಯಾದ ಆಕ್ರಮಣ ಆರಂಭವಾಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು ನಡೆದ ಕೃತ್ಯವಿದು ಎಂದು ಐರೋಪ್ಯ ಒಕ್ಕೂಟವು ಅದೇ ವರ್ಷದ ಮೇ 10ರಂದು ಬಹಿರಂಗವಾಗಿ ರಷ್ಯಾವನ್ನು ಹೊಣೆಯಾಗಿಸಿತು.

ಈ ಸಂಪರ್ಕವನ್ನು ಉಕ್ರೇನಿನ ಸೇನೆಯೂ ಬಳಸುತ್ತಿತ್ತು, ಗುರಿ ಅದೇ. ಆದರೆ ಏಟಿನ ಪರಿಣಾಮ ಜರ್ಮನಿಯವರೆಗೂ ಹೋಯಿತು. ಅಲ್ಲಿ ಎನರ್ಕಾನ್ ಕಂಪನಿಯ ಸುಮಾರು 5,800 ಗಾಳಿಯಂತ್ರಗಳು ದೂರನಿಯಂತ್ರಣ ಕಳೆದುಕೊಂಡವು. ರೆಕ್ಕೆಗಳು ತಿರುಗುತ್ತಿದ್ದವು, ವಿದ್ಯುತ್ತೂ ಬರುತ್ತಿತ್ತು. ಆದರೆ ಯಾವ ಯಂತ್ರ ಕೆಟ್ಟಿದೆಯೆಂದು ಕಚೇರಿಯಲ್ಲಿ ಕುಳಿತು ತಿಳಿಯುವ ದಾರಿ ಮುಚ್ಚಿಹೋಗಿತ್ತು. ಸಂಪರ್ಕಗಳನ್ನು ಸರಿಪಡಿಸಲು ವಯಾಸ್ಯಾಟ್ ಕಂಪನಿ ಸುಮಾರು 30,000 ಹೊಸ ಮೋಡೆಮ್‌ಗಳನ್ನು ಕಳಿಸಬೇಕಾಯಿತು.

ಹಾಸನದವರಾದ ತಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲಗಾಮೆ ರಸ್ತೆಯ ಇಸ್ರೊ ನಿಯಂತ್ರಣ ಕೇಂದ್ರದ ದೊಡ್ಡ ದೊಡ್ಡ ಡಿಶ್‌ಗಳನ್ನು ತಾವು ಕಂಡಿರುತ್ತೀರಿ. ಕಕ್ಷೆಯಲ್ಲಿರುವುದು ವ್ಯವಸ್ಥೆಯ ಅರ್ಧ ಭಾಗ ಮಾತ್ರ. ಉಳಿದರ್ಧ ನೆಲದ ಮೇಲೆಯೇ ಇದೆ. ಹಾಗಾಗಿ “ಯುದ್ಧ ನೆಲದ ಮೇಲೆ ನಡೆಯುತ್ತಿದೆ” ಎಂಬ ತಮ್ಮ ವಾದವೇ ನಮ್ಮ ವಾದವೂ ಹೌದು, ತೀರ್ಮಾನವಷ್ಟೇ ಬೇರೆ.

ಇನ್ನು ಸಂಕೇತಗಳ ಮಾತು. ದಾರಿ ತೋರುವ ಜಿಪಿಎಸ್ ಆಗಲಿ, ಅದೇ ಕೆಲಸದ, ಯುರೋಪಿನದೇ ಆದ ಗೆಲಿಲಿಯೊ ಆಗಲಿ, 20,000 ಕಿ.ಮೀ.ಗೂ ಹೆಚ್ಚು ದೂರದಿಂದ ಬರುವ ಸಂಕೇತ ನಮ್ಮನ್ನು ತಲುಪುವಾಗ ಎಷ್ಟು ಕ್ಷೀಣವಾಗಿರುತ್ತದೆಂದರೆ, ಅದೇ ತರಂಗಾಂತರದಲ್ಲಿ ನೆಲದಿಂದ ಗದ್ದಲವೆಬ್ಬಿಸಿದರೆ ಮುಚ್ಚಿಹೋಗುತ್ತದೆ. ಎಸ್ಟೋನಿಯಾದ ತಾರ್ತು ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಧಾನ ಜಿಪಿಎಸ್ಸನ್ನೇ ನೆಚ್ಚಿಕೊಂಡಿದ್ದರಿಂದ, ಇಂಥ ಅಡಚಣೆಯ ಕಾರಣಕ್ಕೆ ಫಿನ್ಲೆಂಡಿನ ವಿಮಾನ ಸಂಸ್ಥೆ ಫಿನ್‌ಏರ್ 2024ರ ಏಪ್ರಿಲ್ ಕೊನೆಯಲ್ಲಿ ಅಲ್ಲಿಗೆ ಒಂದು ತಿಂಗಳು ಹಾರಾಟವನ್ನೇ ನಿಲ್ಲಿಸಿತು. ಅಲ್ಲೂ ಯಾವ ಉಪಗ್ರಹಕ್ಕೂ ಗೀರು ಬಿದ್ದಿರಲಿಲ್ಲ.

ಉಪಗ್ರಹವಿದ್ದರೂ ಅದನ್ನು ಏರಿಸಿಕೊಡುವವರು ಬೇಕಲ್ಲ! 2022ರ ಮಾರ್ಚಿನಲ್ಲಿ ಕಜಾಕಸ್ತಾನದ ಬೈಕನೂರ್ ಉಡಾವಣಾ ಕೇಂದ್ರದಲ್ಲಿ, ಬ್ರಿಟಿಷ್ ಸರ್ಕಾರವೂ ಪಾಲುದಾರನಾಗಿದ್ದ ಇಂಟರ್ನೆಟ್ ಕಂಪನಿ ಒನ್‌ವೆಬ್‌ನ 36 ಉಪಗ್ರಹಗಳು ರಷ್ಯಾದ ಸೊಯುಜ್ ರಾಕೆಟ್ಟಿನ ತುದಿಯಲ್ಲಿ ಸಿದ್ಧವಾಗಿದ್ದವು. ಇವನ್ನು ಸೇನೆಗೆ ಬಳಸುವುದಿಲ್ಲವೆಂದು ಬರೆದುಕೊಡಿ, ಬ್ರಿಟಿಷ್ ಸರ್ಕಾರ ತನ್ನ ಪಾಲನ್ನು ಬಿಡಲಿ ಎಂದು ರಷ್ಯಾ ಪಟ್ಟು ಹಿಡಿಯಿತು, ಉಡಾವಣೆ ನಿಂತಿತು. ಒನ್‌ವೆಬ್‌ನ 72 ಉಪಗ್ರಹಗಳನ್ನು ಮುಂದೆ ಎರಡು ಕಂತುಗಳಲ್ಲಿ ಏರಿಸಿದ್ದು ಶ್ರೀಹರಿಕೋಟದಿಂದ ನಮ್ಮ ಎಲ್‌ವಿಎಂ-3 ರಾಕೆಟ್. ಐರೋಪ್ಯ ಒಕ್ಕೂಟವಂತೂ, ಸೊಯುಜ್ ಕೈತಪ್ಪಿ, ಯುರೋಪಿನದೇ ರಾಕೆಟ್ ಅರಿಯಾನ್-6 ತಡವಾದ ನಡುವೆ, ಸೇನೆಗಳಿಗೂ ನೆರವಾಗುವ ತನ್ನ ಗೆಲಿಲಿಯೊ ಉಪಗ್ರಹಗಳನ್ನು 2024ರಲ್ಲಿ ಅಮೆರಿಕದ ಫಾಲ್ಕನ್-9ರಲ್ಲಿ ಕಳಿಸಬೇಕಾಯಿತು. ಅದೇ ತಡದಿಂದಾಗಿ ಫ್ರಾನ್ಸಿನ ಬೇಹು ಉಪಗ್ರಹ ಸಿಎಸ್ಒ-3 ಅರಿಯಾನ್-6ರಲ್ಲಿ ಏರಿದ್ದು 2025ರ ಮಾರ್ಚ್ 6ರಂದು.

ಕಕ್ಷೆಯಲ್ಲೇ ಅಪಾಯವಿಲ್ಲವೆಂದು ಇದರರ್ಥವಲ್ಲ. ಫ್ರಾನ್ಸ್ ಮತ್ತು ಇಟಲಿಗಳ ಸೇನಾ ಸಂಪರ್ಕ ಉಪಗ್ರಹ ಅಥೆನಾ-ಫಿಡಸ್‌ನ ಸಮೀಪಕ್ಕೆ ರಷ್ಯಾದ ಉಪಗ್ರಹ ಲೂಚ್-ಒಲಿಂಪ್ ಬಂದು ಕದ್ದು ಕೇಳಲು ಯತ್ನಿಸಿತೆಂದು ಫ್ರಾನ್ಸಿನ ಅಂದಿನ ರಕ್ಷಣಾ ಸಚಿವೆ ಫ್ಲಾರೆನ್ಸ್ ಪಾರ್ಲಿ 2018ರಲ್ಲೇ ದೂರಿದ್ದರು.

ಹಣದ ವಿಷಯದಲ್ಲಿ ತಮ್ಮ ಸಂಶಯವನ್ನು ನಾವು ತಳ್ಳಿಹಾಕುವುದಿಲ್ಲ. 2024ರ ಡಿಸೆಂಬರಿನಲ್ಲಿ ಒಪ್ಪಂದವಾದ, ಐರೋಪ್ಯ ಒಕ್ಕೂಟದ ಸುರಕ್ಷಿತ ಸಂಪರ್ಕ ಉಪಗ್ರಹಗಳ ಐರಿಸ್-ಸ್ಕ್ವೇರ್ ಯೋಜನೆ ಸುಮಾರು 1,060 ಕೋಟಿ ಯೂರೊಗಳದು. ಏರಬೇಕಾದ ಉಪಗ್ರಹಗಳು ಸುಮಾರು 290. ಪರರ ಉಪಗ್ರಹಗಳ ಹಂಗು ಇದರಿಂದ ಕಡಿಮೆಯಾದೀತು. ಆದರೆ ಉಪಗ್ರಹಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮೋಡೆಮ್ ಕಾಯುವವರು ಸಿಗುವುದಿಲ್ಲ. ಆ ಹಣದಲ್ಲಿ ನೆಲದ ಜಾಲಗಳ ಕಾವಲಿಗೆ ಹೋಗುವುದೆಷ್ಟು ಎಂದು ಕೇಳಿದ್ದರೆ ತಮ್ಮ ಪ್ರಶ್ನೆ ಇನ್ನೂ ಹರಿತವಾಗುತ್ತಿತ್ತೆಂದು ನಮಗೆ ತೋರುತ್ತದೆ.

ಕೆಎ-ಸ್ಯಾಟ್ ಕುರಿತ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದ್ದೇವೆ.

– ಸಂ.